ಗಡಿಯಿಂದ ಕುಷಾಯಿಗೂಡಕ್ಕೆ

ಹೈದರಾಬಾದಿನ ಕುಷಾಯಿಗೂಡದ ಅಮರೇಶಪ್ಪನವರ ಮಗಳು ವಿಜಯಶ್ರೀ ಯುದ್ಧದ ವರದಿಗೆಂದು ಗಡಿಗೆ ಹೊರಟಾಗ ಓಣಿಯವರೆಲ್ಲ ಹೆಮ್ಮೆಪಟ್ಟಿದ್ದರು. ಲಿಂಗಸುಗೂರಿನ ಕಡೆಯಿಂದ ಬಂದು, ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿರಂಗಿ ಗುಂಡುಗಳನ್ನು ಸಿಡಿಸುವ ಫ್ಯೂಜು ಜೋಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದ ಅಮರೇಶಪ್ಪನವರಂತೂ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಮಗಳು ಕೆಲಸ ಮಾಡುತ್ತಿದ್ದ ತೆಲುಗು ಸುದ್ದಿವಾಹಿನಿ ಮನೆಯಲ್ಲಿ ದಿನವಿಡೀ ಕೂಗುತ್ತಿತ್ತು. ಆದರೆ ಅವಳು ತಿರುಗಿ ಬರುವ ಹೊತ್ತಿಗೆ ಅದೇ ಓಣಿಯಲ್ಲಿ ಅವಳ ಮುಖ ನೋಡಿ ಮಾತಾಡುವವರು ಯಾರೂ ಉಳಿದಿರಲಿಲ್ಲ.

ಅವಳು ಹೋದ ಜಮ್ಮುವಿನ ಕಡೆಯ ಗಡಿ ಊರಿನಲ್ಲಿ ಲಾಡ್ಜುಗಳೆಲ್ಲ ಬಾಗಿಲು ಹಾಕಿದ್ದವು. ಸುರ್ಜೀತ್ ಕೌರ್ ಎಂಬ ಹೆಂಗಸು ವಿಜಯಶ್ರೀಗೂ ಕ್ಯಾಮೆರಾದ ಕೌಶಲ್‌ನಿಗೂ ತನ್ನ ಮನೆಯಲ್ಲಿ ಜಾಗ ಕೊಟ್ಟಳು. ದುಡ್ಡಿನ ಮಾತೆತ್ತಿದರೆ ಸಿಟ್ಟು ಮಾಡುವಳು. ಒಂದು ಬೆಳಗ್ಗೆ ಶೆಲ್ಲುಗಳ ಸದ್ದು ನಿಂತಿತೆಂದು ಎಮ್ಮೆ ಬಿಚ್ಚಲು ಹಿತ್ತಿಲಿಗೆ ಹೋದಳು. ದಾಳಿ ನಿಂತಿರಲಿಲ್ಲ, ಹಿತ್ತಿಲಲ್ಲೇ ಒಂದು ಶೆಲ್ಲು ಬಿತ್ತು. ವಿಜಯಶ್ರೀ ಓಡಿಹೋಗಿ ನೋಡಿದಾಗ ಎಮ್ಮೆ ಇನ್ನೂ ಒದ್ದಾಡುತ್ತಿತ್ತು, ಸುರ್ಜೀತ್ ಅಲುಗುತ್ತಿರಲಿಲ್ಲ. ತನ್ನ ದುಪಟ್ಟಾ ತೆಗೆದು ಅವಳಿಗೆ ಹೊದಿಸಿದಳು. ಅಷ್ಟರಲ್ಲಿ ಹೈದರಾಬಾದಿನ ವಾಹಿನಿಯಿಂದ ಫೋನು ಬಂತು. ಲೈವ್ ಬೇಕಂತೆ, ಈಗಿಂದೀಗಲೇ.

ಸ್ಟುಡಿಯೋದಲ್ಲಿ ಕೂತ ನಿರೂಪಕ ಶತ್ರುವಿನ ದೊಡ್ಡ ಊರೊಂದು ನಮ್ಮ ಕೈಸೇರಿತೆಂದು ಅರಚುತ್ತಿದ್ದ. ಗಡಿಯ ಜನ ಕುಣಿದಾಡುತ್ತಿರಬೇಕಲ್ಲವೇ ಎಂದು ಅವಳನ್ನು ಕೇಳಿದ. ಕೂದಲಲ್ಲಿ ಮಣ್ಣು ತುಂಬಿಕೊಂಡು ನಿಂತಿದ್ದ ವಿಜಯಶ್ರೀ, ಊರು ಕೈಸೇರಿದ್ದು ಸುಳ್ಳು, ಅಂಥದ್ದೇನೂ ಇಲ್ಲಿ ಯಾರೂ ಕಂಡಿಲ್ಲ ಎಂದಳು. ತಾನು ಮಲಗಿದ್ದ ಮನೆಯ ಯಜಮಾನಿ ಈಗ ತಾನೇ ಸತ್ತಳು, ಈ ಊರಲ್ಲಿ ಅಡಗಲು ಒಂದು ಬಂಕರ್ ಕೂಡ ಇಲ್ಲ ಎಂದಳು. ಅಲ್ಲಿಗೆ ಲೈವ್ ಕಡಿದುಹೋಯಿತು.

ಸಂಜೆಯೊಳಗೆ ಆ ಮಾತಿನ ಹಿಂದುಮುಂದನ್ನು ಯಾರೋ ಕತ್ತರಿಸಿ, ‘ಸುಳ್ಳು’ ಎಂಬಷ್ಟನ್ನೇ ಉಳಿಸಿ ವಿಡಿಯೋ ಮಾಡಿ ಊರೆಲ್ಲ ಹಂಚಿದರು. ಸೈನ್ಯದ ಗೆಲುವನ್ನೇ ಸುಳ್ಳೆಂದವಳು ಎಂಬ ಹೆಸರು ಅವಳಿಗೆ ಅಂಟಿತು. ವಾಹಿನಿಯವರು ಅವಳನ್ನು ಕರೆಸಿ ರಾಜೀನಾಮೆ ಬರೆಸಿಕೊಂಡರು. ಪಕ್ಕದಲ್ಲೇ ನಿಂತು ಎಲ್ಲವನ್ನೂ ಚಿತ್ರಿಸಿದ್ದ ಕೌಶಲ್ ಅವಳ ಫೋನು ಎತ್ತುವುದನ್ನು ಬಿಟ್ಟ.

ಮನೆಗೆ ಬಂದ ಮರುದಿನ ಗೇಟಿನ ಮೇಲೆ ಡಾಂಬರಿನಲ್ಲಿ ‘ಗದ್ದಾರ್’, ದ್ರೋಹಿ, ಎಂದು ಬರೆದಿತ್ತು. ಅಮರೇಶಪ್ಪನವರು ಸೀಮೆಎಣ್ಣೆ ಹಚ್ಚಿ ಉಜ್ಜಿದರು, ಅದು ಹರಡಿ ಇನ್ನಷ್ಟು ದೊಡ್ಡದಾಯಿತು. ಮಗಳು ಅರಿವೆ ಹಿಡಿದು ನೆರವಿಗೆ ಬಂದರೆ ಕೈಯಿಂದ ಕಸಿದುಕೊಂಡು ಒಳಗೆ ಹೋಗೆಂದರು. ಹಾಲು ತರಲು ಹೋದ ತಾಯಿ ಅಂಬವ್ವನನ್ನು ಕಂಡು ವನಜಾ, ಇಪ್ಪತ್ತು ವರ್ಷದ ಗೆಳತಿ, ರಸ್ತೆಯ ಆಚೆ ಬದಿಗೆ ಸರಿದಳು.

ವಾರದೊಳಗೆ ವನಜಾಳ ಗಂಡ ವೀರಭದ್ರಪ್ಪನವರು ಮನೆಗೆ ಬಂದರು. ಕಾರ್ಖಾನೆಯಲ್ಲಿ ಅಮರೇಶಪ್ಪನವರ ಜೊತೆಗೇ ಇದ್ದವರು, ಈಗ ಕುಷಾಯಿಗೂಡದ ಕನ್ನಡ ಸಂಘದ ಅಧ್ಯಕ್ಷರು. ಚಹಾ ಮುಟ್ಟಲಿಲ್ಲ.

“ನೋಡವಾ, ತಪ್ಪಾತು ಅಂತ ಫೋನಿನ್ಯಾಗ ಒಂದ್ ವಿಡಿಯೋ ಮಾಡಿ ಹಾಕಿಬಿಡು. ಇಲ್ಲಾಂದ್ರ ನಮ್ಮ ಮಂದಿ ಇಲ್ಲಿ ಬಾಳೇವು ಮಾಡೂದು ಕಷ್ಟ ಐತಿ.”

“ನಾ ಹೇಳಿದ್ರಾಗ ಯಾವುದು ತಪ್ಪು, ಕಾಕಾ?”

“ನೀ ಹೇಳಿದ್ದು ಖರೆ ಇರಬೌದು. ಖರೆ ಹೇಳೂ ವ್ಯಾಳ್ಯಾ ಅಲ್ಲ ಅದು.”

ವಿಜಯಶ್ರೀ ತಂದೆಯ ಕಡೆ ನೋಡಿದಳು. ಅವರು ಗೋಡೆ ನೋಡುತ್ತಲೇ ಮಾತಾಡಿದರು. “ಫೌಜಿನ್ಯಾಗ ಹುಡುಗ್ರು ಪ್ರಾಣ ಕೊಡಾಕತ್ತಿದ್ರು. ನೀ ಅಲ್ಲಿ ನಿಂತು ಬಂಕರ್ ಇಲ್ಲ ಅಂತ ಅಳತಿ. ಕ್ಷಮಾ ಕೇಳು, ಮುಗಿಸು.”

ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಆಗ ಹೊರಬಂತು. ತಂದೆಗೆ ಎಲ್ಲಿ ಚುಚ್ಚಿದರೆ ನೋಯುತ್ತದೆಂದು ಅವಳಿಗೆ ಗೊತ್ತಿತ್ತು, ಅಲ್ಲೇ ಚುಚ್ಚಿದಳು.

“ನಿಮ್ಮ ಫ್ಯೂಜಿನ ಗುಂಡು ಆ ಕಡೆ ಬಿದ್ದಲ್ಲೂ ಯಾರೋ ಒಬ್ಬಾಕಿ ಎಮ್ಮಿ ಬಿಚ್ಚಾಕ ಹೊರಗ ಬಂದಿರತಾಳ, ಅಪ್ಪಾ.”

ವೀರಭದ್ರಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು. ಅಮರೇಶಪ್ಪನವರು ಅವರನ್ನು ಗೇಟಿನವರೆಗೆ ಕಳಿಸಿ ಬಂದರು. ಆಮೇಲೆ, ಕೂಗಾಡದೆ, “ಈ ಮನ್ಯಾಗ ನಿನ್ನ ಅನ್ನದ ಋಣ ಮುಗೀತು,” ಎಂದರು.

ಅವಳೂ ತಡಮಾಡಲಿಲ್ಲ. ನಗರದ ನಡುವಿನ ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರೊಂದರ ಮೇಲಿನ ಹಾಸ್ಟೆಲಿನಲ್ಲಿ ಕೋಣೆ ಹಿಡಿದಳು. ಹಾಸ್ಟೆಲಿನವರು ಹೆಸರು ಕೇಳಿ ಗುರುತು ಹಿಡಿದು ಬಾಡಿಗೆ ಏರಿಸಿದರು. ಹಿಂದಿಯ ಸಣ್ಣದೊಂದು ಸುದ್ದಿ ಜಾಲತಾಣಕ್ಕೆ ಬರೆಯತೊಡಗಿದಳು. ಬರೆದದ್ದರ ಕೆಳಗೆಲ್ಲ ಬೈಗುಳ. ಮೊದಮೊದಲು ಓದಿ ತಟ್ಟೆ ಸರಿಸಿಬಿಡುತ್ತಿದ್ದಳು, ಆಮೇಲಾಮೇಲೆ ಓದುತ್ತಲೇ ಊಟ ಮಾಡಿ ಮುಗಿಸುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಅಂಬವ್ವ ಗಂಡನಿಗೆ ಹೇಳದೆ ಉಪ್ಪಲ್ ಮೆಟ್ರೋ ಸ್ಟೇಷನ್ನಿಗೆ ಬಂದಳು. ಮಗಳನ್ನು ಅಲ್ಲಿಗೇ ಕರೆದಿದ್ದಳು. ಅಪ್ಪನ ಸಿಟ್ಟು ಹಾಗೇ ಇದೆ, ಸಂಘಕ್ಕೂ ಹೋಗುವುದಿಲ್ಲ, ಟಿವಿಯನ್ನೂ ಹಚ್ಚುವುದಿಲ್ಲ ಎಂದಳು. ಮೆಟ್ಟಿಲ ಬಳಿ ಕೂತು ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿದಳು. ಆಮೇಲೆ ಕೇಳಿದಳು:

“ಆ ಹೆಣ್ಮಗಳು ಹೆಂಗಿದ್ಲು?”

ಗಡಿಯಿಂದ ಬಂದಮೇಲೆ ಅದನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲ. ವಿಜಯಶ್ರೀ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಸುರ್ಜೀತ್ ಬಗ್ಗೆ ಹೇಳತೊಡಗಿದಳು. ದಪ್ಪಗಿದ್ದಳು, ಮಂಡಿನೋವಿತ್ತು. ಚಹಾಕ್ಕೆ ಹಾಲು ಕಡಿಮೆ ಹಾಕಿದನೆಂದು ಗಂಡನನ್ನು ಬೈದಿದ್ದಳು. ಹೈದರಾಬಾದಿನಲ್ಲಿ ಸಮುದ್ರ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಮತ್ತೇಕೆ ಅಷ್ಟು ದೊಡ್ಡ ಹೆಸರು ಎಂದು ನಕ್ಕಿದ್ದಳು. ಹೇಳುತ್ತ ಹೇಳುತ್ತ ವಿಜಯಶ್ರೀಗೆ ಅಳು ಬಂತು. ಅಂಬವ್ವ ಸೆರಗಿನಿಂದ ಅವಳ ಮುಖ ಒರೆಸಿ, ಇದನ್ನು ನಿಮ್ಮಪ್ಪನಿಗೆ ಹೇಳಲೇ ಎಂದಳು.

“ಅವರು ಕೇಳಿದ್ರ ಹೇಳು. ನೀನಾಗೇ ಹೇಳಬ್ಯಾಡ.”

ಅಮರೇಶಪ್ಪನವರು ಕೇಳಲಿಲ್ಲ. ಅಂಬವ್ವ ಫೋನಿನಲ್ಲಿ ಹಾಗೆಂದು ತಿಳಿಸಿದಾಗ ವಿಜಯಶ್ರೀ ಜಮ್ಮುವಿನ ರೈಲಿನಲ್ಲಿದ್ದಳು. ಸುರ್ಜೀತ್ ಇದ್ದ ಊರಲ್ಲಿ ಬಂಕರ್ ಕಟ್ಟಲು ಶುರುಮಾಡಿದ್ದಾರೆಂಬ ಸುದ್ದಿ ಬಂದಿತ್ತು. ಹೌದೋ ಅಲ್ಲವೋ, ಕಣ್ಣಾರೆ ನೋಡಿ ಬರೆಯಬೇಕಿತ್ತು.