ಗುಂಡಿಯ ಮೇಲೆ ನನಗಿದ್ದ ಹಕ್ಕು

ಪೆಟ್ರೋಲ್ ಬಂಕಿನ ಮುಂದೆ ನಿಲ್ಲದೆ ಹೋಗುವುದರಲ್ಲಿ ಒಂದು ಸಣ್ಣ ಅಹಂಕಾರವಿದೆ. ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ಹೊಸತರಲ್ಲಿ, ಚಾಮರಾಜಪೇಟೆಯ ಬಂಕಿನಲ್ಲಿ ಸಾಲುಗಟ್ಟಿ ನಿಂತವರನ್ನು ಸಹಾನುಭೂತಿಯಿಂದ ನೋಡಲೆಂದೇ ನಾನು ಸುತ್ತುಬಳಸಿ ಹೋಗುತ್ತಿದ್ದೆನೆಂದರೆ ನೀವು ನಂಬಬೇಕು.

ಬಸವನಗುಡಿಯ ನಮ್ಮ ಬೀದಿಯಲ್ಲಿ ರಸ್ತೆ ರಿಪೇರಿಗೆ ಅರ್ಜಿ ಬರೆಯುವವನು ನಾನು. ಯಾರೂ ವಹಿಸಿದ ಕೆಲಸವಲ್ಲ. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಅಂಟಿಕೊಂಡದ್ದು. ಅರ್ಜಿಗಳೆಲ್ಲ ಒಂದೇ ರೀತಿ ಆರಂಭವಾಗುತ್ತವೆ: ‘ಪ್ರತಿ ಲೀಟರ್ ಪೆಟ್ರೋಲಿನ ಜೊತೆಗೂ ರಸ್ತೆಗಾಗಿ ತೆರಿಗೆ ತೆರುತ್ತಿರುವ ಪ್ರಾಮಾಣಿಕ ನಾಗರಿಕನಾದ ನಾನು...’ ಈ ವಾಕ್ಯದ ಗಾಂಭೀರ್ಯಕ್ಕೆ ನಾನೇ ಎಷ್ಟೋ ಸಲ ಮಾರುಹೋಗಿದ್ದೇನೆ.

ಕಳೆದ ತಿಂಗಳು ನಮ್ಮ ಗೇಟಿನ ಮುಂದಿನ ಗುಂಡಿಗೆ ಕಾಲಿಟ್ಟು ನನ್ನ ಹೆಂಡತಿ ವಿಶಾಲು ಬಿದ್ದಳು. ಪಾದದ ಮೂಳೆ ಬಿರುಕುಬಿಟ್ಟು ಪ್ಲಾಸ್ಟರ್ ಹಾಕಿಸಬೇಕಾಯಿತು. ಸಿಟ್ಟು ನೆತ್ತಿಗೇರಿ ಕೂತಲ್ಲೇ ಎರಡು ಪುಟ ಬರೆದು ಪಾಲಿಕೆ ಕಚೇರಿಗೆ ಕಳಿಸಿದೆ. ಪರಿಶೀಲನೆಗೆ ಬಂದ ತರುಣ ಎಂಜಿನಿಯರ್ ವಿನಯವಂತರು. ಅರ್ಜಿ ಹಿಡಿದುಕೊಂಡೇ ವರಾಂಡಕ್ಕೆ ಬಂದರು. ಅಲ್ಲಿ ನನ್ನ ಸ್ಕೂಟರು ಚಾರ್ಜ್ ಆಗುತ್ತಿತ್ತು. ಅವರು ಸ್ಕೂಟರನ್ನು ನೋಡಿದರು, ಅರ್ಜಿಯ ಮೊದಲ ಸಾಲನ್ನು ನೋಡಿದರು.

“ಪೆಟ್ರೋಲ್ ಗಾಡಿ ಬೇರೆ ಇದ್ಯಾ ಸಾರ್?”

“ಇಲ್ಲ, ಮಾರ್ಬಿಟ್ಟೆ.”

“ಹಾಗಾದ್ರೆ ಈ ಸಾಲು ತೆಗೆದು ಬೇರೆ ಬರ್ಕೊಡಿ ಸಾರ್. ಎಲ್ಲಾರೂ ಕರೆಂಟ್ ಗಾಡಿ ತಗೊಂಡ್ರೆ ರೋಡಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ನಮ್ ಆಫೀಸಲ್ಲೂ ದಿನಾ ಇದೇ ಮಾತು.”

ಅವರು ಹೇಳಿದ್ದು ನಿಜ. ನನ್ನ ಸ್ಕೂಟರು ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ, ಪೆಟ್ರೋಲಿನ ತೆರಿಗೆಯಾಗಿ ರಸ್ತೆಗೆ ಚಿಕ್ಕಾಸೂ ಕೊಡುವುದಿಲ್ಲ. ರಸ್ತೆ ಸವೆಸುವುದರಲ್ಲಿ ಮಾತ್ರ ಹಳೆಯದಕ್ಕಿಂತ ಏನೂ ಕಡಿಮೆಯಿಲ್ಲ. ಅವರನ್ನು ಕೂರಿಸಿ, ಹೊಸ ಹಾಳೆಯಲ್ಲಿ ‘ವಿದ್ಯುತ್ ಬಿಲ್ಲು ಕಟ್ಟುವ ನಾಗರಿಕನಾದ ನಾನು’ ಎಂದು ಬರೆದೆ. ಬೀದಿದೀಪದ ದೂರಿನಂತೆ ಕಂಡಿತು. ‘ಕಿಲೋಮೀಟರಿಗೆ ಇಷ್ಟೆಂದು ತೆರಿಗೆ ವಿಧಿಸಿದರೂ ಸಂತೋಷದಿಂದ ತೆರಲು ಸಿದ್ಧನಿರುವ’ ಎಂದು ಬರೆಯಹೊರಟೆ. ‘ಸಂತೋಷದಿಂದ’ ಎಂಬಲ್ಲಿಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಹಕ್ಕಿಲ್ಲದವನಿಗೆ ಅರ್ಜಿ ಬರೆಯುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ವರಾಂಡದ ದಿವಾನ್ ಮೇಲೆ ಕಾಲು ಚಾಚಿ ಕೂತಿದ್ದ ವಿಶಾಲು ಇದನ್ನೆಲ್ಲ ನೋಡುತ್ತಿದ್ದಳು.

“ಕೊಡಿ ಇಲ್ಲಿ,” ಎಂದಳು. “ನಾನು ಪೆಟ್ರೋಲೂ ಹಾಕ್ಸಿಲ್ಲ, ಕರೆಂಟ್ ಗಾಡೀನೂ ಓಡ್ಸಿಲ್ಲ. ಬಿದ್ದಿದ್ದು ನಾನು.”

ಹಾಳೆ ತೆಗೆದುಕೊಂಡು ಮೂರು ಸಾಲು ಬರೆದಳು: ‘ನಾನು ಈ ರಸ್ತೆಯಲ್ಲಿ ನಡೆಯುವವಳು. ಗುಂಡಿಗೆ ಬಿದ್ದು ಕಾಲು ಮುರಿದಿದೆ. ದಯವಿಟ್ಟು ಮುಚ್ಚಿಸಿ.’ ಕೆಳಗೆ ಸಹಿ ಹಾಕಿದಳು. ಎಂಜಿನಿಯರು ಓದಿ, ಮಡಿಚಿ ಜೇಬಿನಲ್ಲಿಟ್ಟುಕೊಂಡು, “ಈ ವಾರದಲ್ಲೇ ಮಾಡಿಸ್ತೀನಿ ಅಮ್ಮ,” ಎಂದು ಹೊರಟರು.

ಅವರು ಬಿಟ್ಟುಹೋದ ನನ್ನ ಅರ್ಜಿಯನ್ನು ಎತ್ತಿಕೊಂಡು ಓದಿದೆ. ಎರಡು ಪುಟಗಳಲ್ಲಿ ತೆರಿಗೆಯ ಮಾತು ಏಳು ಸಲ ಬಂದಿತ್ತು. ವಿಶಾಲು ಬಿದ್ದದ್ದನ್ನು ಬರೆಯಲು ನಾನು ಮರೆತಿದ್ದೆ.