ಚೆಲ್ಲಿಸಿದ ಹಾಲು

ಸೋಲೂರು ಕಡೆಯ ಮಹೇಂದ್ರನದು ನೆಟ್ಟಗೆ ಸಾಗಿದ ಬದುಕಲ್ಲ. ಪಿಯುಸಿ ಫೇಲಾಗಿ ಸೈನ್ಯ ಸೇರಿದ, ಹವಾಲ್ದಾರನಾಗಿ ಪೆನ್ಷನ್ ಪಡೆದು ಊರಿಗೆ ಬಂದ. ಹಾರೋಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿ ನಿಂತ. ಬರುವ ಹೋಗುವ ಕಾರುಗಳಿಗೆಲ್ಲ ಸಲ್ಯೂಟ್ ಹೊಡೆದು ಹೊಡೆದು ಬೇಸತ್ತು ಆ ಕೆಲಸ ಬಿಟ್ಟ. ಆಮೇಲೆ ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯಲು ಶುರುಮಾಡಿದ. ಧಾರೆಯ ಹೊತ್ತಿಗೆ ಇವನು ಹಾಕುವ ಒಂದು ಗದರಿಕೆಗೆ ನೆಂಟರೆಲ್ಲ ಸಿಪಾಯಿಗಳ ಹಾಗೆ ಸಾಲಾಗಿ ನಿಲ್ಲುತ್ತಿದ್ದರು ಅಂತ ಊರವರು ಈಗಲೂ ಆಡಿಕೊಳ್ಳುತ್ತಾರೆ. ಅದೇ ಕ್ಯಾಮೆರಾದಲ್ಲಿ ಒಂದು ಕಿರುಚಿತ್ರ ಮಾಡಿದ. ಅದಕ್ಕೆ ಬಹುಮಾನ ಬಂತು, ಬಹುಮಾನದ ದೆಸೆಯಿಂದ ಮಾಗಡಿಯ ಕಾಲೇಜೊಂದರಲ್ಲಿ ಸಿನಿಮಾ ಪಾಠ ಹೇಳುವ ಮೇಷ್ಟ್ರಾದ. ಊರೇ ಹೊಗಳಿತು. ಅವನಿಗೆ ಮಾತ್ರ ಆ ಚಿತ್ರದ ಹೆಸರೆತ್ತಿದರೆ ತಲೆ ತಗ್ಗುತ್ತಿತ್ತು.

ಚಿತ್ರ ಅದೇ ಊರಿನ ನಾಗಲಕ್ಷ್ಮಮ್ಮನದು; ತನ್ನ ಪಾತ್ರವನ್ನು ಅವಳೇ ಮಾಡಿದ್ದಳು. ಆಕೆಯ ಮಗ ಮನು, ಮಹೇಂದ್ರನ ಜೊತೆಯಲ್ಲೇ ಸೈನ್ಯಕ್ಕೆ ಹೋದವನು, ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡ. ಸುದ್ದಿ ಬಂದಾಗ ಆಕೆ ಡೈರಿಗೆ ಹಾಲು ಹಾಕಲು ಹೊರಟಿದ್ದಳು. ಅದನ್ನು ಚಿತ್ರಿಸುವಾಗ ಮಹೇಂದ್ರ, "ಸುದ್ದಿ ಕೇಳಿದ ತಕ್ಷಣ ಕ್ಯಾನು ಕೈಬಿಡವ್ವ" ಅಂದ.

"ಹಾಲ್ನ ಚೆಲ್ಲೋದಾ ಮಗ? ನೀರು ತುಂಬ್ಕೊಂಡ್ರೆ ಆಗಾಕಿಲ್ವಾ?"

"ನೀರು ಬೆಳ್ಳಗೆ ಕಾಣಾಕಿಲ್ಲ. ಹೇಳಿದಷ್ಟು ಮಾಡು." ಅವನ ದನಿ ಇನ್ನೂ ಪರೇಡ್ ಮೈದಾನದ್ದೇ.

ಒಂದು ಹನಿ ಹಾಲು ನೆಲಕ್ಕೆ ಬಿದ್ದರೂ ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅವಳು. ಆದರೂ ಚೆಲ್ಲಿದಳು. ಬೆಳಕು ಸರಿಯಿಲ್ಲವೆಂದು ಅವನು ಇನ್ನೊಮ್ಮೆ ಚೆಲ್ಲಿಸಿದ. ಕೊನೆಗೆ ನೆಲ ಒರೆಸುತ್ತಾ ಮೆಲ್ಲಗೆ ಹೇಳಿದಳು: "ಅವತ್ತು ನಾನು ಚೆಲ್ನಿಲ್ಲ ಕಣ್ ಮಗ. ಡೈರಿಗೆ ಹಾಕ್ಬುಟ್ಟು ಬಂದೇ ಅತ್ತಿದ್ದು."

ಮಹೇಂದ್ರ ಕೇಳಿಸಿಕೊಂಡ. ಕೇಳಿಸಿಕೊಂಡೂ ಆ ದೃಶ್ಯವನ್ನು ಚಿತ್ರದಲ್ಲಿ ಉಳಿಸಿಕೊಂಡ. ಜನ ಹೊಗಳಿದ್ದೂ ಅದನ್ನೇ.

ಈ ವರ್ಷ ವಿದ್ಯಾರ್ಥಿಗಳು ಹಟ ಹಿಡಿದು ಕಾಲೇಜಿನಲ್ಲಿ ಆ ಚಿತ್ರ ಹಾಕಿಸಿದರು. ಅವನಿಗೆ ಹೇಳದೆ ನಾಗಲಕ್ಷ್ಮಮ್ಮನನ್ನೂ ಕರೆತಂದು ಮುಂದಿನ ಸಾಲಲ್ಲಿ ಕೂರಿಸಿದರು. ತೆರೆಯ ಮೇಲೆ ಹಾಲು ಚೆಲ್ಲಿದಾಗ ಚಪ್ಪಾಳೆಯೋ ಚಪ್ಪಾಳೆ. ಚಿತ್ರ ಮುಗಿದ ಮೇಲೆ ರಮ್ಯಾ ಎಂಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಅಜ್ಜಿ, ಅವತ್ತು ನಿಜವಾಗ್ಲೂ ಹಿಂಗೇ ಆಗಿದ್ದಾ?"

ಮಹೇಂದ್ರ, ಇನ್ನೇನು, ಹುಡುಗರ ಮುಂದೆ ಮಾನ ಹೋಯಿತು ಅಂದುಕೊಂಡ.

"ಹೂಂ ಕಣವ್ವ," ಅಂದಳು ನಾಗಲಕ್ಷ್ಮಮ್ಮ. "ಹಿಂಗೇ ಚೆಲ್ಲೋಯ್ತು."

ಮಾನ ಉಳಿಯಿತು. ಉಳಿದ ಮಾನ ಇಷ್ಟು ಹೇಸಿಗೆ ಹುಟ್ಟಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತನ್ನನ್ನು ಕಾಪಾಡಲು ಈ ತಾಯಿ ಮಗ ಸತ್ತ ದಿನದ ಬಗ್ಗೆಯೇ ಸುಳ್ಳು ಹೇಳಿದಳಲ್ಲ! ಅವನಿಗೆ ಕೂತಿರಲಾಗಲಿಲ್ಲ. ಎದ್ದು ನಿಂತು, "ಅವ್ವ ಅವತ್ತು ಹಾಲು ಚೆಲ್ಲಲಿಲ್ಲ. ನಾನು ಬಲವಂತ ಮಾಡಿ ಚೆಲ್ಲಿಸಿದ್ದು" ಅಂದ.

ನಾಗಲಕ್ಷ್ಮಮ್ಮ ತಿರುಗಿ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರ ಗಾಬರಿ ಇರಲಿಲ್ಲ.

"ಚೆಲ್ನಿಲ್ವಾ ಮಗ? ಊರೋರು ಮೊಬೈಲಲ್ಲಿ ತೋರ್ಸಿ ತೋರ್ಸಿ, ನಾನು ಚೆಲ್ಲಿದ್ದೇ ನಿಜ ಅನ್ಕೊಂಡಿದ್ದೆ. ಹಂಗಾದ್ರೆ ಅವತ್ತು ಏನ್ ಮಾಡ್ದೆ ನಾನು?"

ಮಹೇಂದ್ರ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ.

"ಡೈರಿಗೆ ಹಾಕ್ದೆ ಅವ್ವ," ಅಂದ. "ಹಾಕ್ಬುಟ್ಟು ಬಂದೇ ಅತ್ತಿದ್ದು."