ಪಿಸ್ತೂಲಿಗೆಂದು ಹೊಲಿಸಿದ ಚೀಲ

ಕಳೆದ ವಾರ ಜಯಮ್ಮ ಬಂದಿದ್ದಾಗ ಒಂದು ಹಳೆಯ ತೊಗಲಿನ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಜಯಮ್ಮ ನನ್ನ ಸೋದರಮಾವನ ಮಗಳು. ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಟ್ರಂಕಿನಲ್ಲಿ ಸಿಕ್ಕಿತಂತೆ. "ಅಪ್ಪುಂದು ಬಾವ. ನಿಮ್ತಾವೇ ಇರ್ಲಿ, ಮಡೀಕಳಿ" ಅಂದಳು. ಅಂಗೈಗಿಂತ ಸ್ವಲ್ಪ ಉದ್ದ, ಮುಚ್ಚಳಕ್ಕೊಂದು ಹಿತ್ತಾಳೆ ಗುಂಡಿ, ಹಿಂದೆ ಬೆಲ್ಟಿಗೆ ಸಿಕ್ಕಿಸುವ ಪಟ್ಟಿ. ಗುಂಡಿ ಕಿಲುಬು ಹಿಡಿದು ಬಿಗಿದಿತ್ತು. ಎಣ್ಣೆ ಬಿಟ್ಟು ಆಮೇಲೆ ತೆಗೆದರಾಯಿತೆಂದು ಸುಮ್ಮನೆ ಮೂಗಿಗೆ ಹಿಡಿದೆ. ತೊಗಲು, ಹೊಗೆಸೊಪ್ಪು, ಅದರ ಹಿಂದೆಲ್ಲೋ ಕುರಿಯ ವಾಸನೆ. ಕುರಿಯ ವಾಸನೆ ನಿಜವಾಗಿಯೂ ಬಂತೋ ಅಥವಾ ನೆನಪು ಅದನ್ನು ತಾನಾಗಿ ಸೇರಿಸಿತೋ, ಪ್ರಮಾಣ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕ ಓದಿದ್ದರಿಂದ ನನಗಾದ ಲಾಭ ಇಷ್ಟೇ: ಮೊದಲು ಬೇರೆಯವರ ಮಾತನ್ನು ಅನುಮಾನಿಸುತ್ತಿದ್ದೆ, ಈಗ ನನ್ನದನ್ನೇ ಅನುಮಾನಿಸುತ್ತೇನೆ.

ಆದರೂ ಈ ಚೀಲದ ಕತೆಯನ್ನು ಮಾತ್ರ ನಾನು ಅನುಮಾನಿಸಿದವನಲ್ಲ. ಮದುವೆಮನೆಗಳಲ್ಲಿ, ಬಸ್ಸು ಕೆಟ್ಟು ನಿಂತಾಗ, ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ನಿಮಗೂ ಹೇಳುತ್ತೇನೆ, ಕೇಳಿ.

ಜಯಮ್ಮನ ಅಪ್ಪ ಬೀರೇಗೌಡ ಮಾವನ ಊರು ಕೂಟಗಲ್ಲಿಗೆ ಹತ್ತಿರ. ಒಂದಿಷ್ಟು ಹೊಲ, ಮಿಕ್ಕಂತೆ ಬದುಕೆಲ್ಲ ಕುರಿ. ಸುಗ್ಗಿ ಮುಗಿದ ಮೇಲೆ ಹೊಲದವರು ಎಲೆ ಅಡಿಕೆ ಹಿಡಿದು ಮಾವನ ಮನೆಗೆ ಬರುತ್ತಿದ್ದರು. ಅದು ಮಂದೆಗೆ ಕರೆ. ಮಾವ ಆ ವೀಳ್ಯ ತೆಗೆದುಕೊಂಡನೆಂದರೆ ಅವನ ಕುರಿಗಳು ಅವರ ಹೊಲದಲ್ಲಿ ಮೂರೋ ನಾಲ್ಕೋ ದಿನ ತಂಗುತ್ತಿದ್ದವು. ಹೊಲಕ್ಕೆ ಗೊಬ್ಬರ, ಮಾವನಿಗೆ ರಾಗಿ ಮತ್ತು ಊಟ. ಹೀಗೆ ಊರಿಂದೂರಿಗೆ ನಡೆದು ಮಂದೆ ನಾಲ್ಕು ತಾಲ್ಲೂಕು ಸುತ್ತಿ ಬರುತ್ತಿತ್ತು. ಕರೆಯದೆ ಯಾವ ಹೊಲಕ್ಕೂ ಇಳಿಯುವಂತಿರಲಿಲ್ಲ. ಕರೆ ನಿಂತರೆ ಬದುಕೂ ನಿಂತ ಹಾಗೆಯೇ.

ಒಂದು ವರ್ಷ ಸಾವನದುರ್ಗದ ತಪ್ಪಲಲ್ಲಿ ಹಾಡಹಗಲೇ ಚಿರತೆ ಬಂದು ಮಾವನ ಮುಂದಾಳು ಟಗರನ್ನು ಎತ್ತಿಕೊಂಡು ಹೋಯಿತು. ಟಗರಿಗೊಂದು ಹೆಸರಿತ್ತು. ರಾಜನೋ ರಾಮನೋ, ಮರೆತಿದ್ದೇನೆ. ಮೂರನೆಯ ದಿನ ಮಾವ, ರಜೆಗೆ ಬಂದಿದ್ದ ನನ್ನನ್ನು ಜಗಲಿಯ ಮೇಲೆ ಕೂರಿಸಿ, "ಒಂದು ಅರ್ಜಿ ಬರಿ ಕಣ್ಲಾ, ಪಿಸ್ತೂಲಿಗೆ" ಅಂದ.

"ಚಿರತೆಗೆ ಕೋವಿ ಅಲ್ವಾ ಮಾವ ಬೇಕಾದ್ದು?"

"ಒಂದ್ ಕೈಲಿ ಕೋಲು, ಇನ್ನೊಂದ್ ಕೈಲಿ ಹಸಿ ಮರಿ. ಉದ್ದುಕ್ ಕೋವಿ ಎಲ್ ನೇತಾಕ್ಕಳನ್ಲಾ? ಇನ್ಸ್‌ಪೆಕ್ಟ್ರು ಸೊಂಟದಲ್ಲಿ ಐತಲ್ಲ, ಅದ್ಕೆ ಬರಿ."

"ಪಿಸ್ತೂಲಿಗೆ ಚಿರತೆ ಸಾಯ್ತದಾ?"

"ಸಾಯದ್ ಬ್ಯಾಡ. ಸದ್ದಿಗೆ ಓಡೋದ್ರೆ ಸಾಕು."

"ಸದ್ದಿಗೆ ಪಟಾಕಿ ಸಾಲದಾ?"

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನ ಒಸಿ ಜಾಸ್ತಿ ಓದುಸ್ಬುಟ್ರು. ಬರಿ."

ಬರೆದೆ. ಕಾರ್ಬನ್ ಇಟ್ಟು ಎರಡು ಪ್ರತಿ. ಪಿಸ್ತೂಲನ್ನು ಎಲ್ಲೆಲ್ಲಿ ಧರಿಸಿ ಓಡಾಡುವಿರಿ ಎಂದು ನಮೂನೆಯಲ್ಲಿದ್ದ ಪ್ರಶ್ನೆಗೆ ಯಾರಾದರೂ ಬುದ್ಧಿವಂತರು ತಮ್ಮ ಊರಿನ ಹೆಸರು ಬರೆದು ಮುಗಿಸುತ್ತಿದ್ದರು. ಮಾವ ಕಣ್ಣು ಮುಚ್ಚಿ, ಮಂದೆ ನಡೆಯುವ ಕ್ರಮದಲ್ಲೇ, ಹದಿನಾಲ್ಕು ಹಳ್ಳಿ ಹೇಳಿದ. ಮಾಗಡಿ ಕಡೆಯವು, ಕನಕಪುರದ ಕಡೆಯವು, ಚನ್ನಪಟ್ಟಣದ ಆಚೆಯ ವಿರೂಪಾಕ್ಷಿಪುರ. "ಒಂದೂ ಬುಡಬ್ಯಾಡ. ಬುಟ್ರೆ ಆ ಊರೋರು ಬ್ಯಾಸ್ರ ಮಾಡ್ಕತಾರೆ" ಅಂದ. ನಾನೂ ಸತ್ಯಕ್ಕೆ ಬದ್ಧನಾದ ತರುಣ, ಒಂದನ್ನೂ ಬಿಡಲಿಲ್ಲ. ಮಾವ ಹೆಬ್ಬೆಟ್ಟು ಒತ್ತಿದ.

ಆಗ ನಮ್ಮದು ಬೇರೆ ಜಿಲ್ಲೆಯಾಗಿರಲಿಲ್ಲ. ಅರ್ಜಿ ಬೆಂಗಳೂರಿನ ಕಚೇರಿಗೆ ಹೋಗಿ, ಅಲ್ಲಿಂದ ವರದಿ ಕೇಳಿಕೊಂಡು ನಮ್ಮ ಸೀಮೆಯ ಒಂದು ಠಾಣೆಗೆ ಇಳಿದು ಬಂತು. ಇಳಿದದ್ದು ಅಲ್ಲೇ ಕೂತಿತು. ಆರು ತಿಂಗಳು ಕಾದು ಮಾವನೂ ನಾನೂ ಹೋದೆವು. ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುವ ದಫೇದಾರರು ಕಡತ ತೆಗೆದು, ಓದಿ, ಎಲೆ ಜಗಿಯುತ್ತಾ ಕೇಳಿದರು.

"ಏನ್ ಗೌಡ್ರೇ, ಶತ್ರುಗಳು ಅವ್ರಾ?"

"ಯಾರೂ ಇಲ್ಲ ಸ್ವಾಮಿ."

"ಶತ್ರು ಇಲ್ದಿದ್ ಮ್ಯಾಲೆ ಪಿಸ್ತೂಲ್ ಯಾಕೆ?"

"ಹಂಗಾರೆ ಅವ್ರೆ ಅಂತ ಬರ್ಕಳಿ."

"ಅವ್ರೆ ಅಂದ್ರೆ ನಿಮ್ ಕೈಗೆ ಪಿಸ್ತೂಲ್ ಕೊಡಕಾಯ್ತದಾ? ನಾಳೀಕೆ ಯಾರ್ನಾದ್ರೂ ಹೊಡೆದಾಕ್ಬುಟ್ರೆ?"

ನಮ್ಮ ಪ್ರಾಧ್ಯಾಪಕರು ಒಂದು ಟರ್ಮ್ ಪೂರ್ತಿ ಕಲಿಸಿದ ಉಭಯಸಂಕಟ ನನಗೆ ಅರ್ಥವಾದದ್ದು ಆ ಬೆಂಚಿನ ಮೇಲೆ. ದಫೇದಾರರು ಕೆಟ್ಟವರಲ್ಲ. ಹದಿನಾಲ್ಕು ಹಳ್ಳಿಯ ಪಟ್ಟಿಯ ಮೇಲೆ ಬೆರಳಾಡಿಸಿ ನಿಟ್ಟುಸಿರು ಬಿಟ್ಟರು. "ಇಷ್ಟೂ ಊರಿನ ಠಾಣೆಗೆ ಕಾಗ್ದ ಹೋಗ್ಬೇಕು. ಅವ್ರು ಊರೂರಿಗೆ ಹೋಗಿ ಇಚಾರ್ಸಿ, ತಕರಾರಿಲ್ಲ ಅಂತ ಬರೀಬೇಕು. ಒಂದ್ ಠಾಣೆ ತಡ ಮಾಡಿದ್ರೂ ಎಲ್ಲಾ ತಡ."

ತಡವಾಯಿತು. ಒಂದು ಠಾಣೆಯ ಉತ್ತರ ಬಂದರೆ ಇನ್ನೊಂದರದು ಬರಲಿಲ್ಲ. ಬರಬೇಕಾದ್ದು ಬರುವ ಹೊತ್ತಿಗೆ ಮೊದಲು ಬಂದದ್ದು ಹಳೆಯದಾಯಿತೆಂದು ಮತ್ತೆ ಕೇಳಿದರು. ಈ ನಡುವೆ ಮಾವ ರಾಮನಗರದಲ್ಲಿ ಚಪ್ಪಲಿ ಹೊಲಿಯುವವನ ಕೈಲಿ ಅಳತೆ ಹೇಳಿ ಈ ಚೀಲ ಹೊಲಿಸಿಕೊಂಡ. ಪಿಸ್ತೂಲೇ ಇಲ್ಲವಲ್ಲ ಮಾವ ಎಂದರೆ, "ಎತ್ತು ತರಾಕ್ ಮುಂಚೆ ಹಗ್ಗ ತರಾಕಿಲ್ವೇನ್ಲಾ?" ಅನ್ನುವನು. ಖಾಲಿ ಯಾಕಿರಬೇಕೆಂದು ಅದರಲ್ಲಿ ಎಲೆ ಅಡಿಕೆ ತುಂಬಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಎರಡನೆಯ ವರ್ಷದ ಸುಗ್ಗಿ ಮುಗಿಯಿತು. ವೀಳ್ಯ ಹಿಡಿದು ಯಾರೂ ಬರಲಿಲ್ಲ. ಮಾಗಡಿ ಕಡೆಯವರಿಲ್ಲ, ಕನಕಪುರದವರಿಲ್ಲ. ಮಾವ ಜಗಲಿಯ ಮೇಲೆ ಕೂತು ದಾರಿ ನೋಡುವುದು, ಕುರಿಗಳು ದೊಡ್ಡಿಯಲ್ಲಿ ಹಸಿದು ಅರಚುವುದು. ಕೊನೆಗೆ ಸಂತೆಯಲ್ಲಿ ಸುದ್ದಿ ಸಿಕ್ಕಿತು: ಪೊಲೀಸರು ಊರೂರಿಗೆ ವಿಚಾರಣೆಗೆ ಹೋಗಿದ್ದಾರೆ, ಬೀರೇಗೌಡನಿಗೆ ನಿಮ್ಮೂರಲ್ಲಿ ಯಾರ ಭಯ ಎಂದು ಕೇಳಿದ್ದಾರೆ, ಹದಿನಾಲ್ಕು ಊರಿಗೂ ಸಿಟ್ಟು ಬಂದಿದೆ.

ಮರುದಿನವೇ ಮಾವ ಹೊರಟ. ನಾನೂ ಹೋದೆ. ವಿರೂಪಾಕ್ಷಿಪುರದ ಪುಟ್ಟಮಾದಯ್ಯನವರ ಹೊಲದಲ್ಲಿ ಮಾವ ವರ್ಷವರ್ಷವೂ ಮಂದೆ ಬಿಡುತ್ತಿದ್ದ. ಅಲ್ಲಿ ಒಪ್ಪಿದರೆ ಮಿಕ್ಕ ಊರುಗಳೂ ಒಪ್ಪುತ್ತವೆಂಬ ಲೆಕ್ಕ. ಪುಟ್ಟಮಾದಯ್ಯ ಆಗಿನ್ನೂ ಮೂವತ್ತರ ಆಳು. ಹಟ್ಟಿಬಾಗಿಲಲ್ಲಿ ನಿಂತೇ ಇದ್ದರು, ಕೂರು ಅನ್ನಲಿಲ್ಲ. ಅವರ ಕಣ್ಣು ಮಾವನ ಸೊಂಟದ ಮೇಲಿತ್ತು.

"ಕೊಟ್ಬುಟ್ರೇನಪ್ಪ ಪಿಸ್ತೂಲಾ? ಹತ್ತೊರ್ಸ ನಮ್ ಹೊಲ್ದಾಗ್ ಮನಗಿದ್ದೀಯ, ನಮ್ಮನೆ ಮುದ್ದೆ ಉಂಡಿದ್ದೀಯ. ಪೊಲೀಸ್ನೋನು ಬಂದು, ಈ ಊರ್ನಾಗೆ ಬೀರೇಗೌಡ್ನ ಕೊಲ್ಲೋರು ಯಾರವ್ರೆ ಅಂತಾನೆ. ಏನೇಳನ ನಾನು?"

"ಚಿರತೆಗೆ ಕೇಳಿದ್ದು ಕಣಣ್ಣಯ್ಯ" ಅಂದ ಮಾವ.

"ಚಿರತೆ ಇರಾದು ದುರ್ಗದಾಗೆ. ನಮ್ಮೂರಾಗೆ ಯಾವ್ ಚಿರತೆ ಅವ್ನೆ, ನಾನಾ?"

ಮಾವ ಚೀಲದ ಗುಂಡಿಗೆ ಕೈ ಹಾಕಿದ. ಪುಟ್ಟಮಾದಯ್ಯ ಎರಡು ಹೆಜ್ಜೆ ಹಿಂದಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮಾವ ತೆಗೆದದ್ದು ಐದು ಎಲೆ, ಎರಡು ಅಡಿಕೆ. ಅಂಗೈ ಮೇಲಿಟ್ಟು ಮುಂದೆ ಹಿಡಿದ. "ಇಷ್ಟೇ ಕಣಯ್ಯ ನನ್ ಮದ್ದುಗುಂಡು. ತಗೊ, ಹೊಡ್ಕೊ."

ಒಳಗಿಂದ ಅವರ ಹೆಂಡತಿ ಪಕ್ಕನೆ ನಕ್ಕುಬಿಟ್ಟರು. "ತಕಳಿ ಅತ್ಲಾಗಿ, ಆಳ್ ನಿಂತವ್ರೆ" ಎಂದು ಗದರಿದರು. ಹೊಲದವನು ಕುರಿಯವನಿಗೆ ವೀಳ್ಯ ಕೊಡುವುದು ಪದ್ಧತಿ. ಕುರಿಯವನೇ ಹೊಲದವನಿಗೆ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಸುಮ್ಮನಿರಲಾರದೆ, "ತಪ್ಪೆಲ್ಲ ಪೊಲೀಸರದು. ಅರ್ಜಿಯನ್ನೇ ಸರಿಯಾಗಿ ಓದಿಲ್ಲ ಅವರು" ಅಂದೆ. ಮಾವ ತಟ್ಟನೆ ತಡೆದ. "ಅವ್ರುದೇನಿಲ್ಲ. ಹೆಬ್ಬೆಟ್ಟು ನಂದು. ತೆಪ್ಪಾಯ್ತು ಮಾದಣ್ಣ." ಪುಟ್ಟಮಾದಯ್ಯ ಎಲೆ ತೆಗೆದುಕೊಂಡರು.

ಅದು ಮಾವನ ದೊಡ್ಡತನವೆಂದು ನಾನು ತಿಳಿದೆ. ಕತೆ ಹೇಳುವಾಗ ಆ ಮಾತನ್ನು ದನಿ ತಗ್ಗಿಸಿ ಹೇಳುತ್ತಿದ್ದೆ, ಕೇಳಿದವರು ತಲೆದೂಗುತ್ತಿದ್ದರು. ಆಮೇಲೆ ಕತೆ ಮತ್ತೆ ನಗೆಗೆ ತಿರುಗುತ್ತಿತ್ತು. ಅರ್ಜಿ ವಾಪಸು ಕೊಡಿ ಎಂದು ಠಾಣೆಗೆ ಹೋದರೆ ದಫೇದಾರರು, "ಯಾಕೆ, ಯಾರಾದ್ರೂ ಎದುರ್ಸಿದ್ರಾ? ಹಂಗಾರೆ ಅದುನ್ನೂ ಇಚಾರಣೆ ಮಾಡ್ಬೇಕಾಯ್ತದೆ" ಅಂದರು. ಮಾವ ಕೈಮುಗಿದು ಬಂದ. ಅವನು ತೀರಿಕೊಳ್ಳುವವರೆಗೂ ಅರ್ಜಿ ಪರಿಶೀಲನೆಯಲ್ಲೇ ಇತ್ತು. ಚಿರತೆಯ ವಿಷಯ ಕೇಳುತ್ತೀರಾ? ಮಾರನೆಯ ವರ್ಷ ಮಾವನ ಕಂಬಳಿ ಕೊಡವುವಾಗ ಒಂದು ಸರ ಪಟಾಕಿ ಉದುರಿತು. ನಾನು ನೋಡಿದೆ. ಅವನು ಆಕಾಶ ನೋಡಿದ.

ಇಷ್ಟು ಕತೆ. ಪೊಲೀಸರ ನಿಧಾನ, ಸರ್ಕಾರದ ದಡ್ಡತನ, ಮಾವನ ಜಾಣತನ. ನಾನು ಬರಿಯ ಸಾಕ್ಷಿ.

ಮೊನ್ನೆ ಎಣ್ಣೆ ಬಿಟ್ಟು ಗುಂಡಿ ತೆಗೆದೆ. ಒಳಗೆ ನಾಲ್ಕು ಮಡಿಕೆಯ ಕಾಗದ, ಸುಣ್ಣದ ಕಲೆ. ಅರ್ಜಿಯ ಕಾರ್ಬನ್ ಪ್ರತಿ. ಅಕ್ಷರ ನನ್ನದೇ, ಈಗಿನದಕ್ಕಿಂತ ಚೆನ್ನಾಗಿತ್ತು. ಹಳ್ಳಿಗಳನ್ನು ಎಣಿಸಿದೆ, ಹದಿನಾಲ್ಕಲ್ಲ, ಹನ್ನೊಂದು. ಅದಕ್ಕೆ ನಕ್ಕೆ. ಆಮೇಲೆ ಮುಂದಿನ ಸಾಲು ಓದಿದೆ. ಯಾರಿಂದ ಅಪಾಯವಿದೆ ಎಂಬ ಪ್ರಶ್ನೆ. ಮಾವ ಹೇಳಿದ್ದು ಚಿರತೆ ಎಂಬ ಒಂದೇ ಮಾತು. ನಾನು ಬರೆದದ್ದು: "ಸದರಿ ಗ್ರಾಮಗಳಲ್ಲಿ ಸಂಚರಿಸುವಾಗ ಕ್ರೂರ ಮೃಗಗಳಿಂದಲೂ ದುಷ್ಟ ವ್ಯಕ್ತಿಗಳಿಂದಲೂ."

ದುಷ್ಟ ವ್ಯಕ್ತಿಗಳು. ಯಾಕೆ ಬರೆದೆ? ವಾಕ್ಯಕ್ಕೆ ತೂಕ ಬರಲೆಂದಿರಬೇಕು. ಒಂದು ಕಡೆ "ಮೃಗಗಳಿಂದಲೂ" ಇದ್ದರೆ ಇನ್ನೊಂದು ಕಡೆ ಏನಾದರೂ ಬೇಡವೇ? ದಫೇದಾರರಿಗೆ ಶತ್ರುಗಳ ಯೋಚನೆ ಎಲ್ಲಿಂದ ಬಂತೆಂದು ನನಗೆ ಈಗ ಗೊತ್ತಾಯಿತು. ಅವರು ಅರ್ಜಿಯನ್ನು ಸರಿಯಾಗಿಯೇ ಓದಿದ್ದರು. ಓದದೆ ಇದ್ದವನು ಬರೆದವನೇ.

ಜಯಮ್ಮನಿಗೆ ಫೋನ್ ಮಾಡಿದೆ. ಮಾವನಿಗೆ ಇದು ಗೊತ್ತಿತ್ತೇ?

"ಗೊತ್ತಿಲ್ದೆ ಏನು ಬಾವ? ಇರೂಪಾಕ್ಷಿಪುರಕ್ಕೆ ಹೋಗೋ ಹಿಂದಿನ್ ದಿನ ನನ್ ಕೈಲೇ ಓದುಸ್ದ. ಆಗ ನಾನು ಏಳ್ನೇ ಕ್ಲಾಸು. ಆ ಸಾಲ ಎಲ್ಡ್ ಸಲ ಓದುಸ್ದ. ಆಮ್ಯಾಕೆ, ಹುಡುಗ ಚೆನ್ನಾಗ್ ಬರ್ದವ್ನೆ, ಅವುನ್ಗೆ ಏಳ್ಬ್ಯಾಡ, ಮಡಗು ಅಂದ."

"ಮತ್ತೆ ನೀನು ಯಾಕೆ ಇಷ್ಟು ವರ್ಷ ಹೇಳಲಿಲ್ಲ?"

"ಮದ್ವೆಮನೇಲಿ ನೀವು ಆ ಕತೆ ಏಳುವಾಗ ಜನ ಎಷ್ಟ್ ನಗೋರು ಬಾವ. ಕೆಡಿಸೋದ್ಯಾಕೆ ಅಂತ."

ಪುಟ್ಟಮಾದಯ್ಯ ಇನ್ನೂ ಇದ್ದಾರಂತೆ, ಕಿವಿ ಸ್ವಲ್ಪ ಮಂದವಂತೆ. ಇವತ್ತು ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ಎಲೆ ತಂದೆ. ಐದನ್ನು ಒರೆಸಿ, ಎರಡು ಅಡಿಕೆ ಸೇರಿಸಿ, ಕಾಗದದ ಜೊತೆಗೆ ಚೀಲಕ್ಕೆ ಹಾಕಿ ಗುಂಡಿ ಬಿಗಿದಿದ್ದೇನೆ. ಬೆಳಗಿನ ಬಸ್ಸಿಗೆ ವಿರೂಪಾಕ್ಷಿಪುರಕ್ಕೆ ಹೊರಡುವವನಿದ್ದೇನೆ. ಹೆಬ್ಬೆಟ್ಟು ಮಾವನದು, ಮಾತು ನನ್ನದು ಎಂದು ಅವರ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಬೇಕು. ಊರಿಗೆಲ್ಲ ಕೇಳಿಸೀತು. ಕೇಳಿಸಲಿ.